ಬೀಳದ ಚೆಂಡಿನ ಲೆಕ್ಕ

ಕ್ರಿಕೆಟ್ ನೋಡುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಶತಕ ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರುತ್ತದೆ. ಕವರ್ಸ್‌ನಲ್ಲಿ ನಿಂತು, ಬಿಸಿಲಲ್ಲಿ ಬಿದ್ದು ಎದ್ದು, ದಿನವಿಡೀ ಇಪ್ಪತ್ತು ಮೂವತ್ತು ರನ್ ತಡೆದವನ ಹೆಸರು ಸ್ಕೋರ್ ಪಟ್ಟಿಯ ಯಾವ ಸಾಲಿನಲ್ಲೂ ಇರುವುದಿಲ್ಲ. ತಡೆದ ರನ್ನು ರನ್ನೇ ಅಲ್ಲ, ಅದು ಆಗಲೇ ಇಲ್ಲವಲ್ಲ! ಆಗದೇ ಹೋದದ್ದನ್ನು ಬರೆದಿಡುವ ಗುಮಾಸ್ತ ಯಾವ ಆಟದಲ್ಲೂ ಇಲ್ಲ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಅನ್ಯಾಯ ಇನ್ನೂ ಒಂದು ತೂಕ ಹೆಚ್ಚು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಒಂದೊಂದು ತಂಡವೂ ಒಂದು ಪಂದ್ಯದಲ್ಲಿ ನೂರರ ಆಸುಪಾಸು ಅಂಕ ಗಳಿಸುತ್ತದೆ. ಆ ಪ್ರತಿಯೊಂದು ಅಂಕವೂ ಯಾರದಾದರೂ ಖಾತೆಗೆ ಜಮಾ ಆಗುತ್ತದೆ. ಎದುರಾಳಿಯ ಕೈಯಿಂದ ಚೆಂಡು ಕಸಿದುಕೊಂಡರೆ ಅದನ್ನೂ ಬರೆದುಕೊಳ್ಳುತ್ತಾರೆ. ಆದರೆ ಎದುರಾಳಿ ಎಸೆಯಬೇಕೆಂದುಕೊಂಡ ಜಾಗದಿಂದ ಎಸೆಯದಂತೆ ನೋಡಿಕೊಂಡವನಿಗೆ, ಅವನಿಂದ ಅವಸರದ ಎಸೆತ ಹಾಕಿಸಿದವನಿಗೆ ಜಮಾ ಏನೂ ಇಲ್ಲ. ಇಂಥ ಲೆಕ್ಕಕ್ಕೆ ಸಿಗದ ಕೆಲಸವನ್ನೇ ಕಸುಬು ಮಾಡಿಕೊಂಡು, 17 ವರ್ಷ ಆಡಿ, ಕೊನೆಗೆ ಆ ಆಟದ ಕೀರ್ತಿಮಂದಿರವನ್ನೂ ಸೇರಿದವನು ಗ್ಯಾರಿ ಪೇಟನ್. ಅವನ ಅಡ್ಡಹೆಸರು 'ದಿ ಗ್ಲೋವ್', ಅಂದರೆ ಕೈಗವಸು.

ಅವನ ಕಸುಬು ಏನೆಂದು ತಿಳಿಯಬೇಕಾದರೆ ಪಾಯಿಂಟ್ ಗಾರ್ಡ್ ಎಂಬ ಸ್ಥಾನವನ್ನು ತುಸು ತಿಳಿದುಕೊಳ್ಳಬೇಕು. ಅಂಕಣದಲ್ಲಿರುವ ಐವರಲ್ಲಿ ಇವನು ಸೂತ್ರಧಾರ. ಸಾಮಾನ್ಯವಾಗಿ ಎಲ್ಲರಿಗಿಂತ ಗಿಡ್ಡ. ತನ್ನ ಕಡೆಯ ಬುಟ್ಟಿಯ ಕೆಳಗಿನಿಂದ ಚೆಂಡು ಪುಟಿಸುತ್ತ ಮುಂದಕ್ಕೆ ತರುವವನು, ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಗೆ ಯಾವಾಗ ಚೆಂಡು ಸೇರಬೇಕು ಎಂದು ನಿರ್ಧರಿಸುವವನು ಇವನೇ. ಎದುರು ತಂಡದ ಸೂತ್ರಧಾರನನ್ನು ತಡೆಯುವ ಜವಾಬ್ದಾರಿಯೂ ಇವನ ಮೇಲೇ ಬೀಳುತ್ತದೆ. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕು ಎಂಬುದು ಎನ್‌ಬಿಎ ನಿಯಮ. ಅಂಕಣದ ಉದ್ದ 94 ಅಡಿ. ಚೆಂಡು ತರುವವನಿಗೆ ಆ ತುದಿಯಿಂದಲೇ ಅಂಟಿಕೊಂಡು, ಅವನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಅರ್ಧ ಗೆರೆ ದಾಟುವಷ್ಟರಲ್ಲಿ ಎಂಟು ಸೆಕೆಂಡು ತಿಂದುಹಾಕಿದರೆ ಉಳಿಯುವುದು ಹದಿನಾರು. ಎದುರು ತಂಡ ವಾರಗಟ್ಟಲೆ ಅಭ್ಯಾಸ ಮಾಡಿದ ಆಟ ಕಟ್ಟಲು ಅಷ್ಟು ಸಾಲುವುದಿಲ್ಲ. ಕೊನೆಯ ಕ್ಷಣದಲ್ಲಿ ಯಾರೋ ಎಲ್ಲಿಂದಲೋ ಎಸೆಯುತ್ತಾರೆ. ಚೆಂಡು ಬುಟ್ಟಿಗೆ ಬೀಳುವುದಿಲ್ಲ. ಪಟ್ಟಿಯಲ್ಲಿ ಎಸೆದವನ ತಪ್ಪೆಂದು ದಾಖಲಾಗುತ್ತದೆ. ಆ ಎಂಟು ಸೆಕೆಂಡು ತಿಂದವನು ಆಗಲೇ ಮುಂದಿನ ಬೇಟೆಗೆ ಹೊರಟಿರುತ್ತಾನೆ.

ಪೇಟನ್ ಹುಟ್ಟಿದ್ದು 1968ರ ಜುಲೈ 23ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲಂಡ್ ನಗರದಲ್ಲಿ. ತಂದೆ ಅಲ್ ಪೇಟನ್ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಅವರ ಕಾರಿನ ನಂಬರ್ ಪ್ಲೇಟಿನ ಮೇಲೆ ಅಂಕಿಗಳ ಬದಲು 'ಮಿಸ್ಟರ್ ಮೀನ್' ಎಂದು ಬರೆದಿರುತ್ತಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಕೆಟ್ಟ ಒರಟ'! ಮಗನೆಂಬ ರಿಯಾಯಿತಿ ಆ ಮನೆಯಲ್ಲಿ ಇರಲಿಲ್ಲ. ಎದುರಿನವನಿಗೆ ಹೆದರಬಾರದು, ಹೆದರಿಕೆಯಾದರೂ ತೋರಿಸಬಾರದು ಎಂಬುದು ಮೊದಲ ಪಾಠ. ಪೇಟನ್‌ನ ಸೆಟೆದ ಕತ್ತು, ಮುಂದಕ್ಕೆ ಚಾಚಿದ ಗದ್ದ, ನಿಲ್ಲದ ಬಾಯಿ ಎಲ್ಲವೂ ಆ ಪಾಠದ ಫಲ. ಸ್ಕೈಲೈನ್ ಹೈಸ್ಕೂಲಿನಲ್ಲಿದ್ದಾಗ ಓದಿನಲ್ಲಿ ಹಿಂದೆ ಬಿದ್ದು ಆಟವಾಡುವ ಅರ್ಹತೆಯನ್ನೇ ಕಳೆದುಕೊಂಡದ್ದೂ ಉಂಟು. ತಂದೆಯ ಬಿಗಿ ಹಿಡಿತವೇ ಅವನನ್ನು ಮತ್ತೆ ದಾರಿಗೆ ತಂದದ್ದು.

1986ರಲ್ಲಿ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಕೋಚ್ ಆಗಿದ್ದವರು ರಾಲ್ಫ್ ಮಿಲ್ಲರ್. ಎದುರಾಳಿಗೆ ಉಸಿರಾಡಲು ಬಿಡದ ಒತ್ತಡದ ಆಟಕ್ಕೆ ಹೆಸರಾದ ಹಿರಿಯರು. ಮೊದಲ ವರ್ಷದಲ್ಲೇ ಹುಡುಗ ತನ್ನ ವಲಯದ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡ. ನಾಲ್ಕು ವರ್ಷ ಮುಗಿಸಿ ಹೊರಬೀಳುವಾಗ ಆ ವಿಶ್ವವಿದ್ಯಾಲಯದ ಅಂಕ ಗಳಿಕೆಯ ದಾಖಲೆಯೂ ಅವನದೇ, ಚೆಂಡು ಕಸಿದ ದಾಖಲೆಯೂ ಅವನದೇ. 1990ರಲ್ಲಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ವಾರಪತ್ರಿಕೆ ಅವನನ್ನು ವರ್ಷದ ಕಾಲೇಜು ಆಟಗಾರ ಎಂದು ಮುಖಪುಟದಲ್ಲಿ ಹಾಕಿತು. ಅದೇ ವರ್ಷ ಎನ್‌ಬಿಎ ಆಯ್ಕೆಯಲ್ಲಿ ಎರಡನೆಯವನಾಗಿ ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡದ ಪಾಲಾದ.

ಹೊಗಳಿಕೆಯ ಅಟ್ಟಕ್ಕೇರಿ ಬಂದವನು ಮೊದಲ ಎರಡು ವರ್ಷ ನೆಲದಲ್ಲೇ ಉಳಿದ. ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 7.2 ಅಂಕ, ಎರಡನೆಯದರಲ್ಲಿ 9.4. ಎರಡನೇ ಆಯ್ಕೆಯ ಆಟಗಾರನಿಗೆ ಇದು ಅಂಥ ಮರ್ಯಾದೆಯ ಅಂಕಿಯಲ್ಲ. ಇವನ ಮೇಲೆ ಹಾಕಿದ ಹಣ ದಂಡವಾಯಿತೆ ಎಂದು ಕೇಳುವವರೂ ಇದ್ದರು. ಆಗಿನ ಕೋಚ್ ಕೆ.ಸಿ. ಜೋನ್ಸ್ ಸ್ವತಃ ರಕ್ಷಣೆಗೆ ಹೆಸರಾದ ಗಾರ್ಡ್. ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ ಆಡಿ ಎಂಟು ಸಲ ಚಾಂಪಿಯನ್ ಆದವರು. ಅವರು ಅಲ್ಲಿ ಪಂದ್ಯಕ್ಕೆ ಗಳಿಸಿದ್ದೂ ಏಳು ಅಂಕದ ಆಚೀಚೆಯೇ! ಆದರೂ ಅವರ ಗರಡಿಯಲ್ಲಿ ಪೇಟನ್ ಅರಳಲಿಲ್ಲ. 1992ರ ಜನವರಿಯಲ್ಲಿ ಜಾರ್ಜ್ ಕಾರ್ಲ್ ಬಂದರು. ಬಾಬ್ ಕ್ಲಾಪನ್‌ಬರ್ಗ್ ಎಂಬ ಸಹಾಯಕ ಕೋಚ್ ರೂಪಿಸಿದ ಒತ್ತಡದ ರಕ್ಷಣೆ ತಂಡದ ಮುಖ್ಯ ಅಸ್ತ್ರವಾಯಿತು. ಅದರ ಮೊನೆಯಲ್ಲಿ ನಿಂತವನು ಪೇಟನ್.

ಆರಡಿ ನಾಲ್ಕಂಗುಲದ ಎತ್ತರ, ಉದ್ದ ತೋಳು. ಸೂತ್ರಧಾರನ ಸ್ಥಾನಕ್ಕೆ ಅದು ದೊಡ್ಡ ಮೈಕಟ್ಟು. ಆದರೆ ರಕ್ಷಣೆ ತೋಳಿನದಕ್ಕಿಂತ ಹೆಚ್ಚಾಗಿ ಕಾಲಿನ ಕೆಲಸ. ಮಂಡಿ ಬಗ್ಗಿಸಿ, ಬೆನ್ನು ತಗ್ಗಿಸಿ, ಒಂದು ಕಾಲು ಇನ್ನೊಂದನ್ನು ದಾಟದಂತೆ ಅಡ್ಡಡ್ಡ ಜಾರುತ್ತ ಹೋಗಬೇಕು. ಕಣ್ಣು ಚೆಂಡಿನ ಮೇಲೆ ನೆಟ್ಟರೆ ಕೆಟ್ಟೆ. ಚೆಂಡು ಮೋಸ ಮಾಡುತ್ತದೆ, ಕಣ್ಣು ಮೋಸ ಮಾಡುತ್ತದೆ, ಭುಜವೂ ಮೋಸ ಮಾಡುತ್ತದೆ, ಸೊಂಟ ಮಾತ್ರ ಮೋಸ ಮಾಡುವುದಿಲ್ಲ. ಸೊಂಟ ಹೋದ ಕಡೆಗೇ ಮನುಷ್ಯ ಹೋಗಬೇಕು. ಎದುರಾಳಿಯ ಬಲವಾದ ಕೈಯ ದಾರಿಯನ್ನು ಮುಚ್ಚಿ, ದುರ್ಬಲ ಕೈಯ ಕಡೆಗೆ ತಳ್ಳಿ, ಅಂಕಣದ ಅಂಚಿನ ಗೆರೆಗೆ ಒತ್ತಿದರೆ ಆ ಗೆರೆಯೇ ಇನ್ನೊಬ್ಬ ರಕ್ಷಕನಾಗಿ ನಿಲ್ಲುತ್ತದೆ. ಅಂದಿನ ದಿನಗಳಲ್ಲಿ ಎದುರಾಳಿಯ ಸೊಂಟದ ಬಳಿ ಒಂದು ಕೈ ಇಟ್ಟು ಅವನ ಚಲನೆಯನ್ನು ಅಳೆಯುವುದನ್ನು ರೆಫರಿಗಳು ಸ್ವಲ್ಪಮಟ್ಟಿಗೆ ಸಹಿಸುತ್ತಿದ್ದರು. ಆ ಕೈಯನ್ನು ಪೇಟನ್‌ನಷ್ಟು ಚೆನ್ನಾಗಿ ಬಳಸಿದವರು ಕಡಿಮೆ.

ಕೈಗಿಂತ ಹೆಚ್ಚು ಬಳಸಿದ್ದು ಬಾಯಿ. ಪಂದ್ಯ ಶುರುವಾದ ಕ್ಷಣದಿಂದ ಮುಗಿಯುವವರೆಗೆ ಎದುರಾಳಿಯ ಕಿವಿಯಲ್ಲಿ ಅವನ ಮಾತು ಸುರಿಯುತ್ತಲೇ ಇರಬೇಕು. ರೆಫರಿಗಳು ದಂಡ ಹಾಕಿದರೂ ಬಿಡುತ್ತಿರಲಿಲ್ಲ. ಅದು ಬರೀ ಕೊಬ್ಬು ಎಂದವರಿದ್ದಾರೆ, ಕೊಬ್ಬು ಇತ್ತೆಂಬುದೂ ನಿಜ. ಆದರೆ ಅದರೊಳಗೆ ಲೆಕ್ಕಾಚಾರವೂ ಇತ್ತು. ಎದುರಾಳಿ ತನ್ನ ತಂಡದ ಆಟವನ್ನು ಯೋಚಿಸುವ ಬದಲು ಪೇಟನ್‌ಗೆ ಏನು ಉತ್ತರ ಕೊಡಬೇಕೆಂದು ಯೋಚಿಸತೊಡಗಿದರೆ ಅರ್ಧ ಕೆಲಸ ಮುಗಿದಂತೆಯೇ. ಈ ಉಪಾಯ ನಡೆಯದೇ ಹೋದದ್ದು ಒಬ್ಬನ ಮುಂದೆ. ಯೂಟಾ ಜಾಜ್ ತಂಡದ ಜಾನ್ ಸ್ಟಾಕ್ಟನ್. ಎಷ್ಟು ಕೆಣಕಿದರೂ ಅವನು ಮಾತೇ ಆಡುತ್ತಿರಲಿಲ್ಲ. ಸುಮ್ಮನೆ ಬಂದು, ಸುಮ್ಮನೆ ಚೆಂಡು ದಾಟಿಸಿ, ಸುಮ್ಮನೆ ಗೆದ್ದು ಹೋಗುತ್ತಿದ್ದ. ತನಗೆ ಎಲ್ಲರಿಗಿಂತ ಕಷ್ಟ ಕೊಟ್ಟವನು ಅವನೇ ಎಂದು ಪೇಟನ್ ಮುಂದೆ ಎಷ್ಟೋ ಸಲ ಒಪ್ಪಿಕೊಂಡಿದ್ದಾನೆ.

ಅಡ್ಡಹೆಸರು ಬಂದದ್ದು 1993ರಲ್ಲಿ. ಪಶ್ಚಿಮ ವಲಯದ ಫೈನಲ್‌ನಲ್ಲಿ ಫೀನಿಕ್ಸ್ ಸನ್ಸ್ ತಂಡದ ಕೆವಿನ್ ಜಾನ್ಸನ್‌ನನ್ನು ಅವನು ತಡೆದ ಬಗೆ ನೋಡಿ ಸೋದರಸಂಬಂಧಿಯೊಬ್ಬ, ಬೇಸ್‌ಬಾಲ್ ಚೆಂಡನ್ನು ಕೈಗವಸಿನಲ್ಲಿ ಹಿಡಿದ ಹಾಗೆ ಹಿಡಿದಿದ್ದೀಯ ಎಂದನಂತೆ. ಹೆಸರು ಅಂಟಿಕೊಂಡಿತು. ಆದರೆ ಆ ಸರಣಿಯನ್ನು ಏಳನೇ ಪಂದ್ಯದಲ್ಲಿ ಸಿಯಾಟಲ್ ಸೋತಿತು. ಮರುವರ್ಷ 63 ಪಂದ್ಯ ಗೆದ್ದು ವಲಯದಲ್ಲಿ ಮೊದಲ ಸ್ಥಾನ ಪಡೆದ ತಂಡ, ಮೊದಲ ಸುತ್ತಿನಲ್ಲೇ ಎಂಟನೇ ಸ್ಥಾನದ ಡೆನ್ವರ್ ನಗೆಟ್ಸ್‌ಗೆ ಸೋತು ಮನೆಗೆ ಹೋಯಿತು. ಎನ್‌ಬಿಎ ಇತಿಹಾಸದಲ್ಲಿ ಮೊದಲನೆಯವರು ಎಂಟನೆಯವರಿಗೆ ಸೋತದ್ದು ಅದೇ ಮೊದಲು. 1995ರಲ್ಲೂ ಮೊದಲ ಸುತ್ತಿನಲ್ಲೇ ಸೋಲು. ಬಾಯಿ ದೊಡ್ಡದು, ಕೆಲಸ ಚಿಕ್ಕದು ಎಂದು ಜನ ಆಡಿಕೊಳ್ಳುವುದಕ್ಕೆ ಇನ್ನೇನು ಬೇಕು?

ಉತ್ತರ ಸಿಕ್ಕಿದ್ದು 1995-96ರ ಋತುವಿನಲ್ಲಿ. ಸಿಯಾಟಲ್ 64 ಪಂದ್ಯ ಗೆದ್ದಿತು. ಪಂದ್ಯಕ್ಕೆ ಸರಾಸರಿ 2.85 ಬಾರಿ ಚೆಂಡು ಕಸಿದು ಪೇಟನ್ ಇಡೀ ಲೀಗ್‌ಗೆ ಮೊದಲಿಗನಾದ. ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ಅವನಿಗೆ ಬಂತು. ಸಾಧಾರಣವಾಗಿ ಬುಟ್ಟಿಯ ಕೆಳಗೆ ಕಾವಲು ನಿಲ್ಲುವ ಏಳಡಿ ಆಳುಗಳಿಗೆ ಹೋಗುತ್ತಿದ್ದ ಪ್ರಶಸ್ತಿ ಅದು. ಪಾಯಿಂಟ್ ಗಾರ್ಡ್ ಒಬ್ಬನಿಗೆ ಸಂದದ್ದು ಅದೇ ಮೊದಲು.

ಫೈನಲ್‌ನಲ್ಲಿ ಎದುರಾದದ್ದು ಷಿಕಾಗೊ ಬುಲ್ಸ್. ಆ ಋತುವಿನಲ್ಲಿ 82ರಲ್ಲಿ 72 ಪಂದ್ಯ ಗೆದ್ದು ಬಂದ ತಂಡ, ಅದರ ನಾಯಕ ಮೈಕೆಲ್ ಜೋರ್ಡನ್. ಲೀಗ್‌ನ ಅತ್ಯುತ್ತಮ ರಕ್ಷಕನಿಗೆ ಅತ್ಯುತ್ತಮ ಆಟಗಾರನನ್ನು ಒಪ್ಪಿಸುವುದು ಸಹಜವೆಂದು ಯಾರಿಗಾದರೂ ತೋರುತ್ತದೆ. ಕಾರ್ಲ್ ಹಾಗೆ ಮಾಡಲಿಲ್ಲ. ತಂಡದ ಆಕ್ರಮಣವನ್ನು ನಡೆಸುವವನೂ ಪೇಟನ್‌ನೇ. ಜೋರ್ಡನ್ ಹಿಂದೆ ಓಡಿ ಅವನ ಶಕ್ತಿ ಬತ್ತಿಹೋದರೆ ಚೆಂಡು ನಡೆಸುವವರು ಯಾರು? ಸಾಲದ್ದಕ್ಕೆ ಅವನ ಮೀನಖಂಡಕ್ಕೆ ಪೆಟ್ಟಾಗಿತ್ತು. ಜೋರ್ಡನ್‌ನನ್ನು ಹೆಚ್ಚಾಗಿ ಹರ್ಸಿ ಹಾಕಿನ್ಸ್ ನೋಡಿಕೊಂಡ. ಮೊದಲ ಮೂರು ಪಂದ್ಯಗಳಲ್ಲಿ ಜೋರ್ಡನ್ ಗಳಿಸಿದ್ದು 28, 29, 36. ಮೂರರಲ್ಲೂ ಸಿಯಾಟಲ್‌ಗೆ ಸೋಲು.

ಕಳೆದುಕೊಳ್ಳಲು ಇನ್ನೇನೂ ಉಳಿಯದಿದ್ದಾಗ ನಾಲ್ಕನೇ ಪಂದ್ಯದಲ್ಲಿ ಪೇಟನ್ ಜೋರ್ಡನ್‌ಗೆ ಅಂಟಿಕೊಂಡ. ಸಿಯಾಟಲ್ 107-86ರಿಂದ ಗೆದ್ದಿತು. ಐದನೆಯದನ್ನೂ 89-78ರಿಂದ ಗೆದ್ದಿತು. ಆರನೆಯದನ್ನು ಷಿಕಾಗೊದಲ್ಲಿ 75-87ರಿಂದ ಸೋತಿತು. ಕೊನೆಯ ಆ ಮೂರು ಪಂದ್ಯಗಳಲ್ಲಿ ಜೋರ್ಡನ್‌ನ ಗಳಿಕೆ 23, 26, 22. ಇಡೀ ಸರಣಿಯ ಸರಾಸರಿ 27.3. ಅವನು ಆಡಿದ ಆರು ಫೈನಲ್‌ಗಳಲ್ಲಿ ಅದೇ ಅತಿ ಕಡಿಮೆ.

ಮೊದಲ ಪಂದ್ಯದಿಂದಲೇ ಪೇಟನ್‌ನನ್ನು ಜೋರ್ಡನ್ ಮೇಲೆ ಬಿಟ್ಟಿದ್ದರೆ? ಸಿಯಾಟಲ್‌ನ ಅಭಿಮಾನಿಗಳು ಅಂದಿನಿಂದ ಕೇಳಿಕೊಂಡು ಬಂದ ಪ್ರಶ್ನೆ ಇದು. ನ್ಯಾಯವಾಗಿ ಹೇಳಬೇಕೆಂದರೆ ಬೆನ್ನುನೋವಿನಿಂದ ಹೊರಗುಳಿದಿದ್ದ ನೇಟ್ ಮ್ಯಾಕ್‌ಮಿಲನ್ ಎಂಬ ಇನ್ನೊಬ್ಬ ಗಟ್ಟಿ ರಕ್ಷಕನೂ ನಾಲ್ಕನೇ ಪಂದ್ಯಕ್ಕೆ ಮರಳಿದ್ದ. ಜೋರ್ಡನ್ ಆ ಋತುವಿನಲ್ಲಿ ನೂರು ಪಂದ್ಯದ ಹತ್ತಿರ ಆಡಿದ್ದ, ದಣಿವೂ ಇದ್ದೀತು. ಆರನೇ ಪಂದ್ಯ ನಡೆದದ್ದು ಜೂನ್ 16ರಂದು, ಅಮೆರಿಕದಲ್ಲಿ ತಂದೆಯರ ದಿನ. 1993ರಲ್ಲಿ ಕೊಲೆಯಾದ ತನ್ನ ತಂದೆಯನ್ನು ನೆನೆದು ಜೋರ್ಡನ್ ಪಂದ್ಯ ಮುಗಿದ ಮೇಲೆ ಚೆಂಡನ್ನು ಅಪ್ಪಿಕೊಂಡು ನೆಲದ ಮೇಲೆ ಬಿದ್ದು ಅತ್ತದ್ದನ್ನು ಜಗತ್ತೇ ನೋಡಿತು. 22 ಅಂಕಕ್ಕೆ ಕಾರಣ ಪೇಟನ್‌ನೋ, ದಣಿವೋ, ದುಃಖವೋ? ಆಗದೇ ಹೋದದ್ದಕ್ಕೆ ಕಾರಣ ಹುಡುಕುವ ಕಷ್ಟವೇ ಇದು. ರಕ್ಷಕನ ಕೆಲಸಕ್ಕೆ ಸಾಕ್ಷಿ ಕೇಳಿದರೆ ಅವನು ಖಾಲಿ ಬುಟ್ಟಿಯನ್ನಷ್ಟೇ ತೋರಿಸಬಲ್ಲ.

2020ರಲ್ಲಿ 'ದಿ ಲಾಸ್ಟ್ ಡ್ಯಾನ್ಸ್' ಎಂಬ ಹತ್ತು ಭಾಗಗಳ ಸಾಕ್ಷ್ಯಚಿತ್ರ ಬಂದಾಗ ಈ ಹಳೆಯ ವ್ಯಾಜ್ಯ ಮತ್ತೆ ಎದ್ದಿತು. ಮೈಗೆ ಮೈ ತಾಗಿಸಿ ಜೋರ್ಡನ್‌ನನ್ನು ದಣಿಸಿದೆ, ಅದರಿಂದ ಸರಣಿಯ ಬಣ್ಣ ಬದಲಾಯಿತು ಎಂದು ಪೇಟನ್ ಅದರಲ್ಲಿ ಹೇಳುತ್ತಾನೆ. ಆ ತುಣುಕನ್ನು ಜೋರ್ಡನ್ ಕೈಗೆ ಕೊಟ್ಟು ತೋರಿಸುತ್ತಾರೆ. ನೋಡಿದ ಜೋರ್ಡನ್ ಗಹಗಹಿಸಿ ನಗುತ್ತಾನೆ. ತನಗೆ ಆ ಕೈಗವಸಿನಿಂದ ಏನೂ ತೊಂದರೆಯಾಗಲಿಲ್ಲ, ಮನಸ್ಸಿನಲ್ಲಿ ಬೇರೆ ವಿಷಯಗಳಿದ್ದವು ಎನ್ನುತ್ತಾನೆ. ಆ ನಗು ಲೋಕಪ್ರಸಿದ್ಧವಾಯಿತು. ಆರು ಬಾರಿ ಗೆದ್ದವನ ನಗುವಿನ ಎದುರು ಮೂರು ಪಂದ್ಯಗಳ ಅಂಕಿಗಳು ಎಷ್ಟು ಹೊತ್ತು ನಿಲ್ಲಬೇಕು? ಆದರೂ ಅಂಕಿಗಳು ಅಲ್ಲೇ ಇವೆ, ಬೇಕಾದವರು ಹೋಗಿ ನೋಡಬಹುದು.

ಪೇಟನ್ ಬರೀ ತಡೆಯುವವನಾಗಿ ಉಳಿಯಲಿಲ್ಲ. ಗಿಡ್ಡ ಗಾರ್ಡುಗಳಿಗೆ ಬೆನ್ನು ಕೊಟ್ಟು ಒತ್ತುತ್ತ ಬುಟ್ಟಿಯ ಹತ್ತಿರ ಹೋಗಿ ಎಸೆಯುವುದನ್ನು ಕಲಿತ. 1999-2000ರಲ್ಲಿ ಪಂದ್ಯಕ್ಕೆ 24.2 ಅಂಕ ಗಳಿಸಿದ. 1996ರ ಅಟ್ಲಾಂಟ, 2000ದ ಸಿಡ್ನಿ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ. 1994ರಿಂದ 2002ರವರೆಗೆ ಸತತ ಒಂಬತ್ತು ವರ್ಷ ಲೀಗ್‌ನ ರಕ್ಷಣಾ ಆಟಗಾರರ ಪ್ರಥಮ ತಂಡದಲ್ಲಿ ಅವನ ಹೆಸರಿತ್ತು. ಒಂಬತ್ತಕ್ಕಿಂತ ಹೆಚ್ಚು ಸಲ ಆ ಗೌರವ ಪಡೆದವರಿಲ್ಲ. ಅವನಿಗೆ ಸರಿಸಮ ನಿಂತವರಲ್ಲಿ ಒಬ್ಬ ಜೋರ್ಡನ್!

ಆದರೆ ಚಾಂಪಿಯನ್ ಆದವರಿಗೆ ಕೊಡುವ ಉಂಗುರ ಮಾತ್ರ ಬರಲಿಲ್ಲ. 2003ರ ಫೆಬ್ರುವರಿಯಲ್ಲಿ ಸಿಯಾಟಲ್ ಅವನನ್ನು ಮಿಲ್ವಾಕಿಗೆ ಕೊಟ್ಟುಬಿಟ್ಟಿತು. ಹನ್ನೆರಡೂವರೆ ವರ್ಷದ ಋಣ ತೀರಿತು. ಉಂಗುರದ ಆಸೆಯಿಂದ ಮುಂದಿನ ಋತುವಿಗೆ ಲಾಸ್ ಏಂಜಲೀಸ್ ಲೇಕರ್ಸ್ ಸೇರಿದ. ಅಲ್ಲಿ ಷಕೀಲ್ ಒನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್. ಇಷ್ಟು ದೊಡ್ಡ ಹೆಸರುಗಳು ಸೇರಿಯೂ 2004ರ ಫೈನಲ್‌ನಲ್ಲಿ ಡೆಟ್ರಾಯ್ಟ್‌ಗೆ 1-4ರಿಂದ ಸೋತವು. ಆಮೇಲೆ ಬಾಸ್ಟನ್, ಆಮೇಲೆ ಮಯಾಮಿ. 2004-05ರಿಂದ ಎದುರಾಳಿಯ ಮೇಲೆ ಕೈ ಇಡುವುದರ ವಿರುದ್ಧದ ನಿಯಮವನ್ನೂ ಲೀಗ್ ಬಿಗಿಗೊಳಿಸಿತು. ವಯಸ್ಸು ಕಾಲನ್ನು ಕಿತ್ತುಕೊಂಡಿತ್ತು, ನಿಯಮ ಕೈಯನ್ನೂ ಕಿತ್ತುಕೊಂಡಿತು.

2006ರ ಫೈನಲ್‌ನಲ್ಲಿ ಮಯಾಮಿ ಮೊದಲ ಎರಡು ಪಂದ್ಯ ಡಲ್ಲಾಸ್‌ಗೆ ಸೋತಿತ್ತು. ಮೂರನೆಯದರಲ್ಲೂ ಕೊನೆಯ ಭಾಗದಲ್ಲಿ 13 ಅಂಕ ಹಿಂದಿತ್ತು. ಡ್ವೇನ್ ವೇಡ್ 42 ಅಂಕ ಗಳಿಸಿ ಪಂದ್ಯವನ್ನು ಎಳೆದು ತಂದ. ಸ್ಕೋರು ಸಮ. ಉಳಿದದ್ದು ಕೆಲವೇ ಕ್ಷಣ. ಎಲ್ಲರ ಕಣ್ಣೂ ವೇಡ್ ಮೇಲೆ. ಚೆಂಡು ಬಂದದ್ದು ಮೂವತ್ತೆಂಟರ ಹೊಸ್ತಿಲಲ್ಲಿದ್ದ ಪೇಟನ್ ಕೈಗೆ. 9.3 ಸೆಕೆಂಡು ಉಳಿದಿರುವಾಗ ಅವನು ಎಸೆದ ಚೆಂಡು ಬುಟ್ಟಿಗೆ ಬಿತ್ತು. ಮಯಾಮಿ 98-96ರಿಂದ ಗೆದ್ದು, ಮುಂದಿನ ಮೂರು ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು. ಜೀವಮಾನವಿಡೀ ಬುಟ್ಟಿಗೆ ಚೆಂಡು ಬೀಳದಂತೆ ನೋಡಿಕೊಂಡವನನ್ನು ಆ ಸರಣಿಯಲ್ಲಿ ಜನ ನೆನೆಯುವುದು ಬಿದ್ದ ಒಂದು ಚೆಂಡಿಗಾಗಿ!

ಅದರ ಮರುವರ್ಷ ಅವನು ಆಟ ನಿಲ್ಲಿಸಿದ. ಒಟ್ಟು 1,335 ಪಂದ್ಯ, 21,813 ಅಂಕ, 2,445 ಬಾರಿ ಕಸಿದ ಚೆಂಡು. 2013ರಲ್ಲಿ ಕೀರ್ತಿಮಂದಿರ ಪ್ರವೇಶ. ಆ ಸಮಾರಂಭದಲ್ಲಿ ಜೊತೆಗೆ ನಿಲ್ಲಲು ಅವನು ಕರೆದವರಲ್ಲಿ ಒಬ್ಬ ಮಾತನಾಡದ ಸ್ಟಾಕ್ಟನ್. ಆದರೆ ಅಷ್ಟರಲ್ಲಿ ಅವನ ತಂಡವೇ ಇಲ್ಲವಾಗಿತ್ತು. 2008ರಲ್ಲಿ ಮಾಲೀಕರು ಸೂಪರ್‌ಸಾನಿಕ್ಸ್ ತಂಡವನ್ನು ಒಕ್ಲಹೋಮ ಸಿಟಿಗೆ ಎತ್ತಿಕೊಂಡು ಹೋದರು. ಹೆಸರು ಮತ್ತು ಬಣ್ಣ ಮಾತ್ರ ಸಿಯಾಟಲ್‌ಗೆ ಉಳಿದವು. ದೊಡ್ಡ ಆಟಗಾರರ ಅಂಗಿಯ ಸಂಖ್ಯೆಯನ್ನು ಬೇರೆಯವರಿಗೆ ಕೊಡದೆ ಕ್ರೀಡಾಂಗಣದ ಸೂರಿಗೆ ತೂಗುಹಾಕುವುದು ಅಲ್ಲಿನ ಪದ್ಧತಿ. ತನ್ನ 20ನೇ ನಂಬರಿನ ಅಂಗಿ ತಾನು ಆಡದ ಊರಿನಲ್ಲಿ ತೂಗುವುದು ಬೇಡ ಎಂದು ಪೇಟನ್ ಸ್ಪಷ್ಟವಾಗಿ ಹೇಳಿದ.

ಬಿಟ್ಟುಹೋದ ಕಸುಬು ಮನೆಯಲ್ಲೇ ಉಳಿದಿತ್ತು. ಮಗನ ಹೆಸರೂ ಗ್ಯಾರಿ ಪೇಟನ್, ಎರಡನೆಯವನು. ಅಪ್ಪ ಓದಿದ ವಿಶ್ವವಿದ್ಯಾಲಯದಲ್ಲೇ ಓದಿ, ಎರಡು ಸಲ ವಲಯದ ಅತ್ಯುತ್ತಮ ರಕ್ಷಣಾ ಆಟಗಾರನಾದ. ಆದರೂ 2016ರ ಎನ್‌ಬಿಎ ಆಯ್ಕೆಯಲ್ಲಿ ಅವನನ್ನು ಯಾರೂ ಕರೆಯಲಿಲ್ಲ. ಅಂಕ ಗಳಿಸದ ಗಾರ್ಡ್ ಯಾರಿಗೆ ಬೇಕು? ಐದು ವರ್ಷ ಊರಿಂದೂರಿಗೆ ಅಲೆದ. 2021ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದಲ್ಲಿ ಆಟಗಾರನ ಜಾಗ ಸಿಗದಿದ್ದರೆ ವಿಡಿಯೊ ವಿಭಾಗದ ಕೆಲಸವಾದರೂ ಸಿಕ್ಕೀತೆ ಎಂದು ವಿಚಾರಿಸುವ ಮಟ್ಟಕ್ಕೆ ಬಂದಿದ್ದ. ಕೊನೆಗೆ ಪಟ್ಟಿಯ ಕಟ್ಟಕಡೆಯ ಜಾಗ ಸಿಕ್ಕಿತು. ಎದುರು ತಂಡದ ಅತ್ಯುತ್ತಮ ಗಾರ್ಡನ್ನು ತಡೆಯುವ ಕೆಲಸಕ್ಕೆ ಅವನನ್ನು ಕಳಿಸತೊಡಗಿದರು.

2022ರ ಏಪ್ರಿಲ್‌ನಲ್ಲಿ ಬಾಸ್ಟನ್‌ನ ಮಾರ್ಕಸ್ ಸ್ಮಾರ್ಟ್ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನಾದ. ಇಪ್ಪತ್ತಾರು ವರ್ಷಗಳ ನಂತರ ಮತ್ತೊಬ್ಬ ಗಾರ್ಡ್‌ಗೆ ಸಂದ ಪ್ರಶಸ್ತಿ. ತಂಡ ಅಭ್ಯಾಸ ಮಾಡುತ್ತಿದ್ದ ಜಾಗಕ್ಕೆ ಅನಿರೀಕ್ಷಿತವಾಗಿ ಬಂದು ಅದನ್ನು ಅವನ ಕೈಗಿತ್ತವನು ಗ್ಯಾರಿ ಪೇಟನ್. ಜೂನ್‌ನಲ್ಲಿ ಫೈನಲ್‌ಗೆ ಬಂದದ್ದೂ ಸ್ಮಾರ್ಟ್‌ನ ಬಾಸ್ಟನ್, ಎದುರಿಗೆ ಮಗ ಪೇಟನ್‌ನ ವಾರಿಯರ್ಸ್. ಮೇ ತಿಂಗಳಲ್ಲಷ್ಟೇ ಮೊಣಕೈ ಮುರಿದುಕೊಂಡಿದ್ದ ಮಗ ಎರಡನೇ ಪಂದ್ಯಕ್ಕೆ ಮರಳಿ ಬಂದು ಎದುರಾಳಿಗಳಿಗೆ ಅಂಟಿಕೊಂಡ. ವಾರಿಯರ್ಸ್ 4-2ರಿಂದ ಗೆದ್ದಿತು. ಅಪ್ಪನಿಗೆ ಹದಿನಾರನೇ ವರ್ಷದಲ್ಲಿ ಬಂದ ಉಂಗುರ ಮಗನಿಗೂ ಬಂತು.

1996ರ ಜೂನ್ 16ರ ಪಂದ್ಯದ ಸ್ಕೋರ್ ಪಟ್ಟಿ ಈಗಲೂ ನೋಡಲು ಸಿಗುತ್ತದೆ. ಅದರಲ್ಲಿ ಜೋರ್ಡನ್ ಹೆಸರಿನ ಮುಂದೆ 19 ಎಸೆತ, 5 ಯಶಸ್ಸು ಎಂದಿದೆ. ಬೀಳದೇ ಹೋದ ಆ ಹದಿನಾಲ್ಕು ಚೆಂಡುಗಳ ಪಕ್ಕದಲ್ಲಿ ಯಾರ ಹೆಸರೂ ಇಲ್ಲ.